ತಪ್ಪಿದರೆ ಕೂಗುವ ಡಬ್ಬಿ

ಮೊದಲ ದಿನ ಆ ಡಬ್ಬಿಯನ್ನು ನೋಡಿ ನನ್ನ ಗಂಡ ಮೂಗು ಮುರಿದಿದ್ದರು. ಅಂಗೈಗಿಂತ ತುಸು ದೊಡ್ಡದು, ಕಪ್ಪು ಬಣ್ಣ, ಅದರಿಂದ ಹೊರಟ ಎರಡು ಮೋಟು ವೈರು, ಒಂದರ ತುದಿಗೆ ಕೆಂಪು ಕ್ಲಿಪ್ಪು, ಇನ್ನೊಂದರ ತುದಿಗೆ ಕಪ್ಪು ಕ್ಲಿಪ್ಪು.

"ಏನೋ ಇದು, ಸೋಪಿನ ಡಬ್ಬಿ ತಂದಿದ್ದೀಯ? ಇದ್ರಲ್ಲಿ ಕಾರ್ ಸ್ಟಾರ್ಟ್ ಮಾಡ್ಬೇಕೋ, ಮುಖ ತೊಳ್ಕೋಬೇಕೋ?" ಎಂದು ನನ್ನ ತಮ್ಮನನ್ನು ಕೇಳಿದರು.

ತಮ್ಮ ವಾಹನಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದಾನೆ. ಭಾವನ ಮಾತಿಗೆಲ್ಲ ಬೇಜಾರು ಮಾಡಿಕೊಳ್ಳುವವನಲ್ಲ. "ಲಿಥಿಯಂ ಬ್ಯಾಟರಿ ಭಾವ. ಒಂದ್ಸಲ ಉಪಯೋಗಿಸಿ ನೋಡಿ, ಆಮೇಲೆ ಬೈಯಿರಿ," ಎಂದ.

ನಮ್ಮದು ನಿಂತ ಗಾಡಿಗಳನ್ನು ಹೊರಡಿಸುವ ಕೆಲಸ. ಬೆಳಿಗ್ಗೆ ಆಫೀಸಿಗೆ ಹೊರಟವರು ಕೀ ತಿರುಗಿಸಿದರೆ ಕಾರು ಟಕ್ ಟಕ್ ಎಂದು ಸುಮ್ಮನಾಗುತ್ತದಲ್ಲ, ಆಗ ನಮಗೆ ಫೋನು ಬರುತ್ತದೆ. ಸ್ಕೂಟರಿನಲ್ಲಿ ಇಬ್ಬರೂ ಹೋಗುತ್ತೇವೆ. ಹಿಂದೆಲ್ಲ ಒಂದು ದೊಡ್ಡ ಬ್ಯಾಟರಿಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು, ಅದರ ಮೇಲೆ ಹಾವಿನಂತೆ ಸುತ್ತಿದ ಕೇಬಲ್ ಇಟ್ಟುಕೊಂಡು ಹೋಗುತ್ತಿದ್ದೆವು. ಆ ಬ್ಯಾಟರಿಯನ್ನು ಎತ್ತಿ ಎತ್ತಿ ಇವರ ಸೊಂಟ ಬಿದ್ದುಹೋಗಿತ್ತು. ಅದರ ಆಸಿಡ್ಡಿಗೆ ಇವರ ಒಂದು ಪ್ಯಾಂಟೂ ತೂತಿಲ್ಲದೆ ಉಳಿದಿರಲಿಲ್ಲ. ಆದರೂ ಅದನ್ನು ಬಿಡಲು ಸುತರಾಂ ಒಪ್ಪುತ್ತಿರಲಿಲ್ಲ. ಬೀದಿಯವರು ಇವರನ್ನು ಕರೆಂಟ್ ಮಾಮ ಎನ್ನುತ್ತಾರೆ. ಆ ಹೆಸರಿನ ಮೇಲೆ ಇವರಿಗೆ ಎಲ್ಲಿಲ್ಲದ ಮೋಹ.

ತಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟು ಅದರ ಕಟ್ಟುಪಾಡುಗಳನ್ನು ಹೇಳಿದ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬಾರದು. ಸ್ಕೂಟರಿನ ಸೀಟಿನ ಕೆಳಗೂ ಇಡಬಾರದು, ಅಲ್ಲಿ ಇಂಜಿನ್ನಿನ ಕಾವು. ಚಾರ್ಜಿಗೆ ಹಾಕಿ ಮಲಗಿಬಿಡಬಾರದು. ಗಾಡಿ ಸ್ಟಾರ್ಟ್ ಆದ ಕೂಡಲೇ ಕ್ಲಿಪ್ಪು ತೆಗೆಯಬೇಕು. ಹೊಟ್ಟೆ ಉಬ್ಬಿದರೆ ಮತ್ತೆ ಅದನ್ನು ಮುಟ್ಟಲೇ ಕೂಡದು. ಮನೆಗೆ ಬಂದ ಹೊಸದರಲ್ಲಿ ನನಗೂ ನಮ್ಮ ಅತ್ತೆ ಇಷ್ಟು ಹೇಳಿರಲಿಲ್ಲ.

"ಕ್ಲಿಪ್ ಉಲ್ಟಾ ಹಾಕಿದ್ರೆ?" ಎಂದು ಇವರು ಕೇಳಿದರು. ಕೇಳಿದ್ದು ತಮಾಷೆಗೆ.

"ಕೂಗುತ್ತೆ ಭಾವ. ಪ್ಲಸ್ಸಿಗೆ ಮೈನಸ್ ಹಾಕಿದ್ರೆ ಕೀಂಯ್ ಅಂತ ಕೂಗುತ್ತೆ, ಕೆಂಪು ದೀಪ ಹತ್ತುತ್ತೆ, ಕರೆಂಟ್ ಮಾತ್ರ ಬಿಡಲ್ಲ. ಬದಲಾಯಿಸಿ ಹಾಕಿದ್ರೆ ಸುಮ್ನಾಗುತ್ತೆ. ಅಷ್ಟೇ."

"ಹಾಗಾದ್ರೆ ಇದು ಕೆಲಸ ಗೊತ್ತಿಲ್ಲದೋರಿಗೆ ಮಾಡಿರೋದು," ಎಂದರು ಇವರು.

"ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ. ಈ ಪಕ್ಕದಲ್ಲಿ ಒಂದು ಗುಂಡಿ ಇದೆ ನೋಡಿ. ಗಾಡಿ ಬ್ಯಾಟರಿ ಪೂರ್ತಿ ಸತ್ತುಹೋಗಿದ್ರೆ ಈ ಡಬ್ಬಿಗೆ ಅಲ್ಲೊಂದು ಬ್ಯಾಟರಿ ಇದೆ ಅಂತಾನೇ ಗೊತ್ತಾಗಲ್ಲ. ಸರಿ ಹಾಕಿದ್ರೂ ಸುಮ್ನಿರುತ್ತೆ, ತಪ್ಪು ಹಾಕಿದ್ರೂ ಸುಮ್ನಿರುತ್ತೆ. ಆಗ ಈ ಗುಂಡಿ ಒತ್ತಿ ಹಿಡಿದ್ರೆ ಬಲವಂತವಾಗಿ ಕರೆಂಟ್ ಬಿಡುತ್ತೆ. ಒತ್ತೋ ಮುಂಚೆ ಎರಡು ಸಲ ಕಣ್ಣಿಟ್ಟು ನೋಡ್ಬೇಕು. ಆಗ ಯಾವ ಕಾವಲೂ ಇರಲ್ಲ."

"ನನಗೆ ಹೇಳಿಕೊಡ್ತಿದ್ದಾನೆ ನೋಡೇ ನಿನ್ ತಮ್ಮ," ಎಂದು ಇವರು ನಕ್ಕರು.

ತಿಂಗಳೊಪ್ಪತ್ತಿನಲ್ಲಿ ಇವರು ಬದಲಾದರು. ಬದಲಾಗಿದ್ದು ಎಂದರೆ ಸಾಮಾನ್ಯ ಬದಲಾವಣೆಯಲ್ಲ. ಆ ದೊಡ್ಡ ಬ್ಯಾಟರಿ ಮೂಲೆ ಸೇರಿತು. ಸೋಪಿನ ಡಬ್ಬಿಯನ್ನು ಹೊಗಳಿದ್ದೇ ಹೊಗಳಿದ್ದು. ಸಿಕ್ಕವರಿಗೆಲ್ಲ "ಒಂದು ಇಟ್ಕೊಳ್ಳಿ ಸ್ವಾಮಿ ನಿಮ್ಮ ಹತ್ರಾನೂ" ಎಂದು ಹೇಳಿ ನಮ್ಮ ಹೊಟ್ಟೆಯ ಮೇಲೆ ತಾವೇ ಹೊಡೆದುಕೊಳ್ಳುವುದು ಬೇರೆ. ನಾನು ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಂಡು, ಬಿಸಿಲು ತಾಗದ ಹಾಗೆ ಸೆರಗು ಮುಚ್ಚಿಕೊಂಡು ಹೋಗುತ್ತಿದ್ದೆ. "ಹುಷಾರು, ಹುಷಾರು" ಎಂದು ಹಿಂದಿನ ಸೀಟಿನಿಂದ ಹೇಳುತ್ತಿದ್ದರು. ನನ್ನ ಬಗ್ಗೆ ಅಷ್ಟು ಹುಷಾರು ಎಂದೂ ಹೇಳಿದವರಲ್ಲ.

ಹೌದು, ಹಿಂದಿನ ಸೀಟು. ಆ ಹೊತ್ತಿಗೆ ಸ್ಕೂಟರನ್ನು ನಾನೇ ಓಡಿಸುತ್ತಿದ್ದೆ. "ಮಂಡಿ ನೋವು ಕಣೇ, ಕಾಲು ಊರಕ್ಕಾಗಲ್ಲ" ಎಂದಿದ್ದರು. ನಾನು ನಂಬಿದ್ದೆ. ಆದರೆ ಅದೇ ಮಂಡಿ ಕಾರಿನ ಕೆಳಗೆ ತೂರುವಾಗ ಮಡಚುತ್ತಿತ್ತು, ಬಚ್ಚಲಲ್ಲಿ ಕೂತು ಬಟ್ಟೆ ಒಗೆಯುವಾಗ ಮಡಚುತ್ತಿತ್ತು. ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು ಅಲ್ಲಿಂದ.

ಆಮೇಲೆ ನೋಡುತ್ತ ಹೋದೆ. ಬಾನೆಟ್ಟು ಎತ್ತಿದ ಮೇಲೆ ಇವರು ಬಗ್ಗಿ ನೋಡುತ್ತಿರಲಿಲ್ಲ. ಎರಡು ಕ್ಲಿಪ್ಪನ್ನೂ ಹಿಡಿದು ನೇರವಾಗಿ ಹಾಕಿಬಿಡುತ್ತಿದ್ದರು. ಡಬ್ಬಿ ಕೀಂಯ್ ಎಂದರೆ ಮುಖದಲ್ಲಿ ಒಂದಿಷ್ಟೂ ಗಲಿಬಿಲಿಯಿಲ್ಲದೆ ಅದಲುಬದಲು ಮಾಡುತ್ತಿದ್ದರು. ಹಿಂದೆ ಯಾವನಾದರೂ ಕ್ಲಿಪ್ಪು ಉಲ್ಟಾ ಹಾಕಿದರೆ ಮೂರು ದಿನ ಅದನ್ನೇ ಹೇಳಿಕೊಂಡು ನಗುತ್ತಿದ್ದ ಮನುಷ್ಯ. ಈಗ ಡಬ್ಬಿ ಕೂಗಿದರೆ ತಪ್ಪು, ಸುಮ್ಮನಿದ್ದರೆ ಸರಿ. ಕಣ್ಣು ಮಾಡಬೇಕಾದ ಕೆಲಸವನ್ನು ಕಿವಿಗೆ ವಹಿಸಿದ್ದರು.

ಅವರ ಹತಾರದ ಪೆಟ್ಟಿಗೆಯಲ್ಲಿ ತುಕ್ಕು ಬಿಡಿಸುವ ಎಣ್ಣೆಯ ಪಕ್ಕ ಒಂದು ಸಣ್ಣ ಕಣ್ಣಿನ ಔಷಧಿಯ ಶೀಷೆ ಸಿಕ್ಕಿತು. "ಧೂಳಿಗೆ" ಎಂದರು. ಖಾಲಿಯಾದ ಶೀಷೆಯೊಂದನ್ನು ತೆಗೆದುಕೊಂಡು ಔಷಧಿ ಅಂಗಡಿಯಾಕೆಯ ಹತ್ತಿರ ಹೋದೆ.

"ಇದು ಧೂಳಿಗಲ್ಲ ಅಕ್ಕ," ಎಂದಳು ಆಕೆ. "ಕಣ್ಣಿನ ಒಳಗೆ ಒತ್ತಡ ಜಾಸ್ತಿಯಾಗಿ ನರ ಒಣಗುತ್ತಲ್ಲ, ಅದಕ್ಕೆ. ಇರೋ ದೃಷ್ಟಿ ಉಳಿಸೋದಕ್ಕೆ. ಹೋಗಿರೋದು ವಾಪಸ್ ಬರಲ್ಲ. ಅಂಕಲ್ ಇಲ್ಲೇ ತಗೊಳ್ತಾರಲ್ಲ, ನಿಮಗೆ ಹೇಳಿಲ್ವಾ?"

ಹೇಳಿದ್ದಾರೆ, ಮರೆತಿದ್ದೆ ಎಂದೆ. ಅಂಗಡಿಯ ಮೆಟ್ಟಿಲಿಳಿದೆ. ಅಲ್ಲೇ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಹಲ್ಲು ನೋವಾದರೆ ಊರಿಗೆಲ್ಲ ಕೇಳುವಂತೆ ನರಳುವ ಮನುಷ್ಯ, ಒಂದು ಸ್ಪ್ಯಾನರ್ ಕಳೆದರೆ ನನ್ನನ್ನು ಎಬ್ಬಿಸಿ ಹೇಳುವ ಮನುಷ್ಯ, ಕಣ್ಣು ಹೋಗುತ್ತಿರುವುದನ್ನು ನನಗೆ ಹೇಳಲಿಲ್ಲ. ನಾನೇನು ಬಾಡಿಗೆಗೆ ಇರುವವಳೇ?

ಮನೆಗೆ ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳಬೇಕೆಂದಿದ್ದೆ. ಇವರು ಬಾಗಿಲಲ್ಲಿ ಕೂತು ಡಬ್ಬಿಯ ಕ್ಲಿಪ್ಪಿನ ಹಲ್ಲುಗಳನ್ನು ಹಳೆಯ ಬ್ರಶ್ಶಿನಲ್ಲಿ ಉಜ್ಜುತ್ತಿದ್ದರು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ "ಏನ್ ಕರೆಂಟ್ ಮಾಮ, ಜೋರಾ?" ಎಂದ. "ಜೋರೇ ಜೋರು, ನಿನ್ ಗಾಡಿ ಯಾವಾಗ ಕೈಕೊಡುತ್ತೆ ಅಂತ ಕಾಯ್ತಾ ಇದ್ದೀನಿ," ಎಂದರು ಇವರು, ದನಿಯಿಂದಲೇ ಆಳನ್ನು ಗುರುತಿಸಿ. ಆ ನಗು ನೋಡಿದ ಮೇಲೆ ನನ್ನ ಬಾಯಿ ಕಟ್ಟಿಹೋಯಿತು. ಕಣ್ಣಿಲ್ಲದವನ ಕೈಗೆ ಯಾರು ಬಾನೆಟ್ಟು ತೆಗೆದುಕೊಡುತ್ತಾರೆ? ಇವರು ಹೆದರುತ್ತಿದ್ದುದು ಅದಕ್ಕೇ, ನನಗೆ ಅರ್ಥವಾಯಿತು. ಅರ್ಥವಾಯಿತೆಂದು ನೋವು ಕಡಿಮೆಯಾಗಲಿಲ್ಲ. ಅವರಾಗಿಯೇ ಹೇಳಲಿ ಎಂದು ಕಾದೆ. ಆವತ್ತಿನಿಂದ ನನಗೆ ಬೇಕಾಗಿದ್ದು ಅದೊಂದೇ.

ಹೇಳಲಿಲ್ಲ. ನಾನೇ ಒಂದು ದಿನ ಕೆಂಪು ಕ್ಲಿಪ್ಪಿನ ಹಿಡಿಗೆ ಬಟ್ಟೆಯ ಟೇಪು ಸುತ್ತಿಟ್ಟೆ. ಮಾರನೆಯ ದಿನ ಕ್ಲಿಪ್ಪು ಹಿಡಿದಾಗ ಇವರ ಹೆಬ್ಬೆರಳು ಆ ಟೇಪಿನ ಮೇಲೆ ನಿಂತಿತು. ಒಂದು ಸಲ ಹಿಂದಕ್ಕೆ ಮುಂದಕ್ಕೆ ಸವರಿತು. ಇದೇನು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕ್ಲಿಪ್ಪು ಗೊತ್ತಾದರೆ ಸಾಲದಲ್ಲ, ಕಾರಿನ ಬ್ಯಾಟರಿಯಲ್ಲಿ ಪ್ಲಸ್ಸು ಯಾವ ಕಡೆಗಿದೆ ಎಂದು ಗೊತ್ತಾಗಬೇಕು. ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ. ಅದಕ್ಕೂ ದಾರಿ ತಾನಾಗಿ ಹುಟ್ಟಿತು. ನಾನು ಪ್ಲಸ್ಸಿರುವ ಕಡೆಗೆ ಹೋಗಿ ನಿಂತು, "ಅಯ್ಯೋ, ನನ್ ಕಡೆ ಎಷ್ಟು ಕೊಳೆ ಹಿಡ್ದಿದೆ ನೋಡಿ" ಎನ್ನುತ್ತಿದ್ದೆ. ಹೊಚ್ಚ ಹೊಸ ಬ್ಯಾಟರಿಯಾದರೂ ಕೊಳೆ ಎನ್ನುತ್ತಿದ್ದೆ. ಇವರ ಬಲಗೈ ನನ್ನ ದನಿಯ ಕಡೆಗೆ ಬರುತ್ತಿತ್ತು. ಡಬ್ಬಿ ಕೂಗುವುದೇ ನಿಂತುಹೋಯಿತು. ಗಾಡಿಯವರು "ನಿಮ್ಮ ಮನೆಯವರಿಗೆ ಕೊಳೆ ಕಂಡ್ರೆ ಆಗಲ್ಲ ಅನ್ಸುತ್ತೆ" ಎಂದು ನಗುತ್ತಿದ್ದರು. "ಮನೇಲೂ ಹೀಗೇ ಸ್ವಾಮಿ, ನನ್ನನ್ನೇ ದಿನಾ ಒರೆಸ್ತಾಳೆ" ಎಂದು ಇವರೂ ನಗುತ್ತಿದ್ದರು.

ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಅಷ್ಟು ಹೊಂದಿಕೊಂಡು ಕೆಲಸ ಮಾಡಿದ್ದೇ ಇಲ್ಲ. ಅಷ್ಟು ದೂರವೂ ಎಂದೂ ಇದ್ದಿರಲಿಲ್ಲ. ನನಗೆ ಗೊತ್ತೆಂದು ಅವರಿಗೆ ಗೊತ್ತಿತ್ತು. ಆದರೂ ರಸ್ತೆ ದಾಟುವಾಗ ನಾನು ಕೈ ಹಿಡಿದರೆ, "ಏನೇ ಇದು, ಈ ವಯಸ್ಸಲ್ಲಿ" ಎಂದು ತಮಾಷೆ ಮಾಡಿ ಬಿಡಿಸಿಕೊಳ್ಳುತ್ತಿದ್ದರು.

ಹೀಗೆ ನಡೆಯುತ್ತಿದ್ದಾಗ ಕೋಚಿಂಗ್ ಮೇಷ್ಟ್ರ ಫೋನು ಬಂತು. ಹುಡುಗರಿಗೆ ಲೆಕ್ಕ ಹೇಳಿಕೊಡುವ ಮನುಷ್ಯ, ಬಾಯಿ ಸ್ವಲ್ಪ ಜೋರು. ಊರಲ್ಲಿರಲಿಲ್ಲವಂತೆ, ಕಾರು ತಿಂಗಳುಗಟ್ಟಲೆ ಷೆಡ್ಡಿನಲ್ಲೇ ನಿಂತಿತ್ತಂತೆ. ಹೋಗಿ ನೋಡಿದರೆ ರಿಮೋಟು ಒತ್ತಿದರೂ ಬಾಗಿಲು ತೆರೆಯದ ಸ್ಥಿತಿ. ಮೇಷ್ಟ್ರು ಕೀಯಿಂದಲೇ ಬಾಗಿಲು ತೆಗೆದು, ಬಾನೆಟ್ಟಿನ ಕೊಂಡಿ ಎಳೆದರು. ಅಷ್ಟರಲ್ಲಿ ಅವರಿಗೊಂದು ಫೋನು ಬಂತು. ಕೀಯನ್ನು ನನ್ನ ಕೈಗೆ ಹಾಕಿ, "ಅಮ್ಮಾ, ನೀವೇ ಒಳಗೆ ಕೂತು ತಿರುಗಿಸಿಬಿಡಿ, ನನಗೆ ಕ್ಲಾಸಿಗೆ ಹೊತ್ತಾಯ್ತು," ಎಂದು ಹೇಳಿ ಗೇಟಿನ ಕಡೆಗೆ ಮಾತಾಡುತ್ತ ಹೋದರು.

"ಇರಿ, ಮೊದ್ಲು ಕ್ಲಿಪ್ ಹಾಕ್ಲಿ," ಎಂದು ನಾನು ಬಾನೆಟ್ಟಿನ ಕಡೆಗೆ ಹೆಜ್ಜೆಯಿಟ್ಟೆ.

"ನೀನು ಹೋಗಿ ಕೂತ್ಕೋ," ಎಂದರು ಇವರು. "ನಾನು ನೋಡ್ಕೋತೀನಿ."

"ನನ್ ಕಡೆ ಕೊಳೆ..."

"ಕೊಳೆಗಿಳೆ ಏನಿಲ್ಲ. ಹೋಗು ಅಂದ್ನಲ್ಲ."

ಮೇಷ್ಟ್ರು ಆಚೆಯಿಂದ ತಿರುಗಿ ನೋಡಿದ್ದರು. ಅವರೆದುರು ಇವರಿಗೆ ನನ್ನ ನೆರವು ಬೇಡವಾಗಿತ್ತು. ಹೋಗಿ ಕೂತೆ. ಎತ್ತಿದ ಬಾನೆಟ್ಟು ಗೋಡೆಯ ಹಾಗೆ ಎದುರಿಗಿತ್ತು, ಅದರಾಚೆ ಇವರ ಪ್ಯಾಂಟಿನ ಅಂಚು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕ್ಲಿಪ್ಪು ಕಚ್ಚಿದ ಸದ್ದು ಕೇಳಿತು. ಡಬ್ಬಿ ಕೂಗಲಿಲ್ಲ. ಡಬ್ಬಿ ಸುಮ್ಮನಿದ್ದರೆ ಇವರ ಲೆಕ್ಕದಲ್ಲಿ ಸರಿ ಎಂದೇ ಅರ್ಥ. ಆದರೆ ಸತ್ತ ಬ್ಯಾಟರಿಗೆ ಅದು ಹೇಗಿದ್ದರೂ ಕೂಗುವುದಿಲ್ಲ.

"ರೀ, ಗುಂಡಿ ಒತ್ಬೇಡಿ!" ಎಂದು ಕೂಗಿ ಬಾಗಿಲು ತಳ್ಳಿದೆ. ಒತ್ತಿ ಆಗಿತ್ತು.

ಪಟಾರ್ ಎಂಬ ಸದ್ದು, ನೀಲಿ ಕಿಡಿ, ಸುಟ್ಟ ರಬ್ಬರಿನ ವಾಸನೆ. ನಾನು ಇಳಿದು ಓಡಿ ಬರುವ ಹೊತ್ತಿಗೆ ಇವರು ಕ್ಲಿಪ್ಪನ್ನು ಕಿತ್ತಿದ್ದರು, ಬರಿಗೈಯಲ್ಲಿ. ಡಬ್ಬಿಯ ಹೊಟ್ಟೆ ನೋಡುತ್ತಿದ್ದ ಹಾಗೇ ಉಬ್ಬುತ್ತಿತ್ತು, ಬಿರುಕಿನಿಂದ ಬಿಳಿ ಹೊಗೆ ಬರುತ್ತಿತ್ತು. ನಾನು ವೈರಿನ ತುದಿ ಹಿಡಿದು ಅದನ್ನು ಎಳೆದುಕೊಂಡು ಹೋಗಿ, ಗೇಟಿನ ಪಕ್ಕ ಮನೆ ಕಟ್ಟಲೆಂದು ಸುರಿದಿದ್ದ ಮರಳಿನ ಮೇಲೆ ಎಸೆದೆ. ಅದು ಬುಸುಗುಟ್ಟಿ, ಒಂದು ಸಲ ಉರಿದು, ಕರಗಿ ಮುದ್ದೆಯಾಯಿತು.

"ಏನ್ರೀ ಮಾಡಿದ್ರಿ? ಕಾರಿಗೇನಾಯ್ತು? ಯಾರ್ರೀ ಹಾಕಿದ್ದು ಅದನ್ನ?" ಮೇಷ್ಟ್ರು ಫೋನು ಹಿಡಿದುಕೊಂಡೇ ಓಡಿ ಬಂದರು.

ಇವರು ಬಾನೆಟ್ಟಿನ ಎದುರು ನಿಂತಿದ್ದರು. ಸುಟ್ಟ ಬೆರಳುಗಳನ್ನು ಮುಷ್ಟಿ ಹಿಡಿದಿದ್ದರು. ಮುಖ ನನ್ನ ಕಡೆಗೂ ಇಲ್ಲ, ಮೇಷ್ಟ್ರ ಕಡೆಗೂ ಇಲ್ಲ, ಖಾಲಿ ಗೋಡೆಯ ಕಡೆಗಿತ್ತು.

"ನಾನು ಸಾರ್," ಎಂದೆ. "ಒಳಗೆ ಕೂರೋ ಮುಂಚೆ ನಾನೇ ಹಾಕಿ ಹೋಗಿದ್ದೆ. ಅದಲುಬದಲಾಗೋಯ್ತು. ಅವರು ನನ್ನ ನಂಬಿ ಗುಂಡಿ ಒತ್ತಿದ್ರು."

ಇವರು ಈಗ ಹೇಳುತ್ತಾರೆ, ಇಲ್ಲ ಸಾರ್ ಅವಳಲ್ಲ ಎನ್ನುತ್ತಾರೆ ಎಂದು ನಾನು ಕಾದೆ. ದೇವರಾಣೆಗೂ ಕಾದೆ.

"ಎಷ್ಟು ಸಲ ಹೇಳಿದ್ದೀನಿ ನಿನಗೆ?" ಎಂದರು ಇವರು. ದನಿ ಎತ್ತರಿಸಿ, ಮೇಷ್ಟ್ರಿಗೂ ಪಕ್ಕದ ಮನೆಯವರಿಗೂ ಕೇಳುವ ಹಾಗೆ. "ಕೆಂಪು ಯಾವ್ದು, ಕಪ್ಪು ಯಾವ್ದು ಅಂತ ಗೊತ್ತಾಗಲ್ವಾ? ತಲೆ ಎಲ್ಲಿಟ್ಟಿರ್ತೀಯ? ಕೈ ಹಾಕ್ಬೇಡ, ಕೈ ಹಾಕ್ಬೇಡ ಅಂತ ಬಡ್ಕೊಂಡ್ರೂ ಕೇಳಲ್ಲ. ದಂಡಪಿಂಡ!"

ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಬೈಯುವ ಖಾತೆ ನನ್ನದು. ಇವರು ಜಪ್ಪಯ್ಯ ಅಂದರೂ ದನಿ ಎತ್ತಿದವರಲ್ಲ. ಬೈಗುಳ ಬರುವುದಿಲ್ಲ ಎಂದೇ ತಿಳಿದಿದ್ದೆ. ಚೆನ್ನಾಗಿಯೇ ಬರುತ್ತಿತ್ತು. ನಾನು ತಲೆ ತಗ್ಗಿಸಿ ನಿಂತೆ. ಕೊನೆಗೆ ಮೇಷ್ಟ್ರೇ, "ಹೋಗ್ಲಿ ಬಿಡಿ, ಹೆಣ್ಮಗಳನ್ನ ಹಾಗೆಲ್ಲ ಬೈಬೇಡಿ," ಎಂದು ಸಮಾಧಾನ ಮಾಡಿದರು. ಕಾರನ್ನು ನಾವೇ ಸರಿಮಾಡಿಸಿಕೊಡುತ್ತೇವೆ ಎಂದು ಇವರು ಮಾತು ಕೊಟ್ಟರು. ಆ ಮಾತನ್ನು ಆಮೇಲೆ ಉಳಿಸಿಕೊಂಡೆವು.

ಸ್ಕೂಟರಿನಲ್ಲಿ ಹಿಂದೆ ಕೂತಾಗ ಇವರು ನನ್ನ ಭುಜ ಹಿಡಿದುಕೊಳ್ಳಲಿಲ್ಲ. ಹಿಂದಿನ ಕಂಬಿ ಹಿಡಿದುಕೊಂಡರು, ಸುಟ್ಟ ಕೈಯಲ್ಲೇ. ಮನೆಯಲ್ಲಿ ಬೆರಳಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದೆ. ಅನ್ನ ಕಲಸಿ ತಿನ್ನಿಸಿದೆ. ಬಾಯಿ ತೆರೆದರು, ತಿಂದರು. ತಪ್ಪಾಯ್ತು ಎನ್ನಲಿಲ್ಲ. ಬೈದದ್ದಕ್ಕೆ ನನಗೆ ದುಃಖವಿರಲಿಲ್ಲ, ಅದನ್ನು ನಾನೇ ಕೈಯಾರೆ ಕೊಟ್ಟಿದ್ದೆ. ಅದನ್ನು ಅಷ್ಟು ಬೇಗ, ಅಷ್ಟು ಸಲೀಸಾಗಿ ತೆಗೆದುಕೊಂಡರಲ್ಲ, ಅದು ಎದೆಗೆ ಚುಚ್ಚಿತು. ತಟ್ಟೆ ತೊಳೆಯುವಾಗ ನಲ್ಲಿ ಪೂರ್ತಿ ಬಿಟ್ಟುಕೊಂಡು ಅತ್ತೆ. ಕಿವಿ ಚುರುಕಾದವರಿರುವ ಮನೆಯಲ್ಲಿ ಹಾಗೇ ಅಳಬೇಕು.

ತಮ್ಮ ಇನ್ನೊಂದು ಡಬ್ಬಿ ತಂದುಕೊಟ್ಟ. "ಭಾವನ ಕೈಲಿ ಇಂಥ ತಪ್ಪಾಗೋಕೆ ಸಾಧ್ಯವೇ ಇಲ್ಲ. ಅಕ್ಕ, ನೀನ್ಯಾಕೆ ಮೂಗು ತೂರಿಸೋಕೆ ಹೋದೆ?" ಎಂದು ನನ್ನನ್ನೇ ಕೇಳಿದ. ಬುದ್ಧಿ ಇರಲಿಲ್ಲ ಕಣೋ ಎಂದೆ. ಇವರು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಲೋಟ ತುಟಿಯ ಹತ್ತಿರ ನಿಂತಿತು, ಆಮೇಲೆ ಮತ್ತೆ ಕುಡಿದರು.

ಮೇಷ್ಟ್ರು ಸಿಕ್ಕಸಿಕ್ಕಲ್ಲಿ ಹೇಳಿದ್ದರು ಎಂದು ಕಾಣುತ್ತದೆ. ಬೆರಳು ಮಾಯ್ದು ಕೆಲಸ ಮತ್ತೆ ಶುರುವಾದಾಗ ಫೋನು ಮಾಡಿದವರೆಲ್ಲ ಒಂದೇ ರಾಗ. "ಕರೆಂಟ್ ಮಾಮನೇ ಕೈಯಾರೆ ಮಾಡ್ಲಿ. ನೀವು ಮುಟ್ಟೋದು ಬೇಡಮ್ಮ." ಇವರ ಹೆಸರು ಉಳಿದಿತ್ತು, ಉಳಿದಿದ್ದೇನು, ಇನ್ನೂ ಏರಿತ್ತು. ಹೆಂಡತಿಯ ತಪ್ಪನ್ನೂ ತಲೆ ಮೇಲೆ ಹೊತ್ತು ಕಾರು ಸರಿಮಾಡಿಸಿಕೊಟ್ಟ ಮನುಷ್ಯ ಎಂದು. ಮೊದಲೆರಡು ಕರೆಗೆ ಇವರೇ ಏನೇನೋ ನೆಪ ಹೇಳಿ ಹೋಗಲಿಲ್ಲ. ಮೂರನೆಯದು ಹೊಲಿಗೆ ಅಂಗಡಿಯ ಯಜಮಾನಿಯದು. ಬಹಳ ವರ್ಷದ ಪರಿಚಯ, ನೆಪ ನಡೆಯುವಂತಿರಲಿಲ್ಲ.

ಅಂಗಡಿಯ ಹಿಂದಿನ ಅಂಗಳದಲ್ಲಿ ಅವರ ವ್ಯಾನು ನಿಂತಿತ್ತು. ಹೊಲಿದ ಶಾಲಾ ಬಟ್ಟೆಗಳ ಗಂಟುಗಳು ಅದರೊಳಗೆ ಆಗಲೇ ತುಂಬಿದ್ದವು. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಡಬ್ಬಿಯ ಚೀಲ ಹಿಡಿದು ಇವರ ಜೊತೆ ಒಳಗೆ ಹೋಗುವಾಗ ಯಜಮಾನಿ ನನ್ನ ತೋಳು ಹಿಡಿದುಕೊಂಡರು.

"ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಈ ಗೇಟಿನ ಕಂಬದ ಹತ್ರಾನೇ ನಿಂತಿರಿ. ವ್ಯಾನ್ ನಿಂತ್ರೆ ನನ್ ಹೊಟ್ಟೆಪಾಡೇ ನಿಲ್ಲುತ್ತೆ. ಅವರೊಬ್ಬರೇ ಮಾಡ್ಲಿ."

ಒಳ್ಳೆಯ ಹೆಂಗಸು. ಹೇಳುವುದಕ್ಕೆ ಅವರಿಗೇ ನಾಚಿಕೆಯಾಗಿತ್ತು. ನಾನು ಕಂಬಕ್ಕೆ ಒರಗಿ ನಿಂತೆ. ಇವರು ಡಬ್ಬಿ ಹಿಡಿದು ವ್ಯಾನಿನ ಮುಂದಕ್ಕೆ ಹೋದರು. ಅಲ್ಲಿಂದ ಕೊಳೆ ಎಂದು ಕೂಗಿದರೆ ಯಾರಾದರೂ ನಗುತ್ತಾರೆ. ಆದರೂ ಕೂಗಬೇಕೆನ್ನಿಸಿತು. ಎಷ್ಟು ಕತ್ತು ಚಾಚಿದರೂ ಪ್ಲಸ್ಸು ಯಾವ ಕಡೆಗಿದೆಯೆಂದು ನನಗೂ ಕಾಣಲಿಲ್ಲ.

ಇವರು ಎರಡು ಕೈಯಲ್ಲಿ ಎರಡು ಕ್ಲಿಪ್ಪು ಹಿಡಿದು ನಿಂತರು. ಈ ಹೊಸ ಡಬ್ಬಿಗೂ ನಾನು ಟೇಪು ಸುತ್ತಿಟ್ಟಿದ್ದ ಕೆಂಪು ಕ್ಲಿಪ್ಪು ಬಲಗೈಯಲ್ಲಿತ್ತು. ಕೈ ಮುಂದೆ ಹೋಯಿತು, ಹಿಂದೆ ಬಂತು. ಮತ್ತೆ ಮುಂದೆ ಹೋಯಿತು. ಬೆರಳ ತುದಿಯ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಹಾಕಿ ನೋಡಬಹುದಿತ್ತು, ತಪ್ಪಿದರೆ ಡಬ್ಬಿ ಕೂಗುತ್ತಿತ್ತು, ಕೂಗದೆಯೂ ಇರಬಹುದಿತ್ತು. ಆ ಸುಮ್ಮನಿರುವಿಕೆಯನ್ನು ಇವರು ಇನ್ನು ನಂಬಲಾರರು. ನಾನು ತಡೆಯಲಾರದೆ ಕಂಬ ಬಿಟ್ಟು, ಗೋಡೆಯ ಗುಂಟ ಸದ್ದಿಲ್ಲದೆ ವ್ಯಾನಿನ ಇನ್ನೊಂದು ಬದಿಗೆ ಹೋದೆ.

"ಏನಾಯ್ತು ಮಾಮ?" ಎಂದರು ಯಜಮಾನಿ.

ಇವರು ಕ್ಲಿಪ್ಪುಗಳನ್ನು ಕೆಳಗಿಳಿಸಿದರು.

"ಮೇಷ್ಟ್ರ ಗಾಡಿಗೆ ಉಲ್ಟಾ ಹಾಕಿದ್ದು ನಾನು ಕಣಮ್ಮ," ಎಂದರು. "ಅವಳಲ್ಲ. ನನಗೆ ಕಣ್ಣು ಕಾಣಲ್ಲ. ಎದುರಿಗೆ ಸ್ವಲ್ಪ ಮಸುಕು ಮಸುಕು, ಪಕ್ಕದ್ದು ಏನೂ ಇಲ್ಲ. ಡಾಕ್ಟ್ರು ಇನ್ನು ಬರಲ್ಲ ಅಂದಿದ್ದಾರೆ."

ಯಜಮಾನಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನಾನು ಗೋಡೆ ಹಿಡಿದುಕೊಂಡೆ. ಎಷ್ಟು ದಿನದಿಂದ ನಾನು ಕಾಯುತ್ತಿದ್ದ ಮಾತು ಅದು. ಪಕ್ಕದಲ್ಲಿ ಮಲಗುವವಳಿಗೆ ಹೇಳದೆ, ಬಟ್ಟೆ ಹೊಲಿಯುವ ಹೆಂಗಸಿಗೆ ಹೇಳಿದರು.

"ಮತ್ತೆ... ಅಷ್ಟು ಜನರ ಮುಂದೆ ಅಕ್ಕನ್ನ ಬೈದ್ರಂತಲ್ಲ ಮಾಮ?"

ಇವರು ನಿಧಾನವಾಗಿ ಹಿಂದಕ್ಕೆ ತಿರುಗಿ, ನನ್ನನ್ನು ಬಿಟ್ಟುಬಂದಿದ್ದ ಗೇಟಿನ ಕಂಬದ ಕಡೆಗೆ ಎರಡೂ ಕ್ಲಿಪ್ಪುಗಳನ್ನು ಚಾಚಿ ಹಿಡಿದರು.

"ನೀನೇ ಹಾಕೇ," ಎಂದರು ಕಂಬಕ್ಕೆ. "ಆವತ್ತು ನಿನ್ನ ಬೈಬಾರದಾಗಿತ್ತು."

ಯಜಮಾನಿ ನನ್ನತ್ತ ನೋಡಿ ಏನೋ ಹೇಳಲು ಬಾಯಿ ತೆರೆದರು. ಬೇಡ ಎಂದು ಕೈಸನ್ನೆ ಮಾಡಿದೆ. ಇವರು ಕೈ ಚಾಚಿಕೊಂಡೇ ನಿಂತಿದ್ದರು, ಉತ್ತರಕ್ಕೆ ಕಾಯುತ್ತ. ನಾನು ಚಪ್ಪಲಿ ಅಲ್ಲೇ ಬಿಟ್ಟೆ. ಬರಿಗಾಲಲ್ಲಿ, ಕಾದ ನೆಲದ ಮೇಲೆ ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು, ವ್ಯಾನನ್ನು ಹಿಂದಿನಿಂದ ಸುತ್ತಿ ಕಂಬದ ಹತ್ತಿರಕ್ಕೆ ಬಂದು, ಅಷ್ಟು ಹೊತ್ತೂ ಅಲ್ಲೇ ಇದ್ದವಳ ಹಾಗೆ ನಿಂತೆ.

"ಕೊಡಿ," ಎಂದೆ.